ಪೇಸ್ಲಿಪ್ಪಿನ ಆರ್‌ವಿ ಸಾಲು: ಜರ್ಮನಿಯ ಪಿಂಚಣಿ ಮತ್ತು ಹೊರಗಿನಿಂದ ಬಂದ ನಾವು

ಜರ್ಮನಿಯಲ್ಲಿ ಮೊದಲ ತಿಂಗಳ ಪೇಸ್ಲಿಪ್ ಕೈಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಆಫರ್ ಲೆಟರ್‌ನಲ್ಲಿ ಇದ್ದ ಮೊತ್ತ ಒಂದು, ಬ್ಯಾಂಕಿಗೆ ಬಂದದ್ದು ಇನ್ನೊಂದು. ನಡುವೆ ಕೆವಿ, ಪಿವಿ, ಎವಿ, ಆರ್‌ವಿ ಅಂತ ಎರಡೆರಡು ಅಕ್ಷರದ ಸಾಲುಗಳು. ಒಂದೊಂದು ಸಾಲೂ ಒಂದಿಷ್ಟು ಕಚ್ಚಿಕೊಂಡು ಹೋಗಿತ್ತು. ಎಲ್ಲಕ್ಕಿಂತ ದೊಡ್ಡ ತುತ್ತು ಆರ್‌ವಿಯದ್ದು. ಪಕ್ಕದ ಟೇಬಲ್ಲಿನ ಜರ್ಮನ್ ಸಹೋದ್ಯೋಗಿಯನ್ನು ಕೇಳಿದೆ, ಇದು ಇಷ್ಟೊಂದು ಯಾಕೆ ಅಂತ. "ಅದು ನಮ್ಮಮ್ಮನಿಗೆ ಹೋಗುತ್ತೆ, ಥ್ಯಾಂಕ್ಸ್" ಅಂದ.

ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡೆ. ಆಮೇಲೆ ಓದಿ ನೋಡಿದರೆ ಅವನು ಹೇಳಿದ್ದರಲ್ಲಿ ತಮಾಷೆ ಏನೂ ಇರಲಿಲ್ಲ.

ಆರ್‌ವಿ ಅಂದರೆ ರೆಂಟೆನ್‌ಫರ್ಜಿಶರುಂಗ್, ಸರ್ಕಾರಿ ಪಿಂಚಣಿ ವಿಮೆ. ನಮ್ಮ ತಲೆಯಲ್ಲಿ ಪಿಂಚಣಿ ಅಂದ ಕೂಡಲೇ ಪಿಎಫ್ ಲೆಕ್ಕ ಬರುತ್ತದೆ. ನನ್ನ ಹೆಸರಲ್ಲಿ ಒಂದು ಖಾತೆ, ಅದರಲ್ಲಿ ನನ್ನ ದುಡ್ಡು, ಅದಕ್ಕೆ ವರ್ಷ ವರ್ಷ ಬಡ್ಡಿ. ಇಲ್ಲಿ ಅಂಥ ಖಾತೆಯೇ ಇಲ್ಲ. ಈ ತಿಂಗಳು ದುಡಿಯುವವರಿಂದ ಕಿತ್ತ ದುಡ್ಡು ಈ ತಿಂಗಳೇ ಮುದುಕರ ಕೈಗೆ ಹೋಗುತ್ತದೆ. ಮೀಸಲು ಅಂತ ಇರುವುದು ಒಂದೆರಡು ತಿಂಗಳ ಖರ್ಚಿಗೆ ಆಗುವಷ್ಟು ಮಾತ್ರ. ಹಾಗಾದರೆ ನಮಗೆ ಸಿಗುವುದೇನು? ಪಾಯಿಂಟು. ಜರ್ಮನ್ನರು ಪುಂಕ್ಟ್ ಅನ್ನುತ್ತಾರೆ. ದೇಶದ ಸರಾಸರಿ ಸಂಬಳದಷ್ಟೇ ನಿಮ್ಮ ಸಂಬಳ ಇದ್ದರೆ ವರ್ಷಕ್ಕೆ ಒಂದು ಪಾಯಿಂಟ್. ಅದರ ಒಂದೂವರೆ ಪಟ್ಟು ಇದ್ದರೆ ಒಂದೂವರೆ ಪಾಯಿಂಟ್. ಮುಂದೆ ಪಿಂಚಣಿ ಶುರುವಾದಾಗ ನಿಮ್ಮ ಪಾಯಿಂಟುಗಳನ್ನು ಆವತ್ತಿನ ದರದಿಂದ ಗುಣಿಸಿ ತಿಂಗಳ ಮೊತ್ತ ಲೆಕ್ಕ ಹಾಕುತ್ತಾರೆ. 2025ರ ಜುಲೈಯಲ್ಲಿ ಒಂದು ಪಾಯಿಂಟಿನ ಬೆಲೆ ತಿಂಗಳಿಗೆ 40.79 ಯೂರೋ ಆಗಿತ್ತು.

ಕಡಿತದ ದರ ಸಂಬಳದ 18.6 ಶೇಕಡಾ. ಅರ್ಧ, ಅಂದರೆ 9.3, ನಿಮ್ಮ ಜೇಬಿನಿಂದ. ಇನ್ನರ್ಧ ಕಂಪನಿ ಕೊಡುತ್ತದೆ. ಈ ಎರಡನೆಯ ಅರ್ಧವನ್ನು ಮರೆಯಬೇಡಿ. ಮುಂದೆ ಕಥೆಯೆಲ್ಲ ಅದರ ಸುತ್ತಲೇ ಇದೆ.

ಈ ವ್ಯವಸ್ಥೆ ಬಿಸ್ಮಾರ್ಕನ ಕಾಲದ್ದು. 1889ರಲ್ಲಿ ಕಾನೂನು ಬಂತು, ಆಗ ಪಿಂಚಣಿ ವಯಸ್ಸು 70. ಕೂಡಿಟ್ಟಿದ್ದ ನಿಧಿಯನ್ನು 1923ರ ಭಯಂಕರ ಹಣದುಬ್ಬರ ನುಂಗಿ ಹಾಕಿತು. ಕೂಡಿಡುವ ಲೆಕ್ಕದ ಮೇಲೆ ಜರ್ಮನ್ನರ ನಂಬಿಕೆ ಹೋಗಿದ್ದಕ್ಕೆ ಇದೂ ಒಂದು ಕಾರಣ. ಇವತ್ತಿನ ದುಡ್ಡು ಇವತ್ತೇ ಹಂಚುವ ಪದ್ಧತಿ 1957ರ ಸುಧಾರಣೆಯಲ್ಲಿ ಗಟ್ಟಿಯಾಯಿತು. ಮುಂದೆ ಜನ ಮಕ್ಕಳನ್ನು ಹೆರದೆ ಹೋದರೆ ಏನು ಗತಿ ಎಂದು ಕೇಳಿದವರಿಗೆ ಚಾನ್ಸಲರ್ ಆಡೆನಾವರ್ "ಜನ ಯಾವಾಗಲೂ ಮಕ್ಕಳು ಮಾಡಿಕೊಂಡೇ ಮಾಡಿಕೊಳ್ಳುತ್ತಾರೆ" ಅಂದರಂತೆ. ಈ ಮಾತನ್ನು ಇಲ್ಲಿಯ ಜನ ಈಗಲೂ ಹೇಳಿ ನಗುತ್ತಾರೆ, ಸ್ವಲ್ಪ ಕಹಿಯಾಗಿ.

ಯಾಕೆಂದರೆ ಮಾಡಿಕೊಳ್ಳಲಿಲ್ಲ. ಈಗ ಇಲ್ಲಿ ಒಬ್ಬ ಹೆಂಗಸಿಗೆ ಸರಾಸರಿ ಒಂದೂವರೆ ಮಗುವೂ ಇಲ್ಲ. 1960ರ ದಶಕದ ಶುರುವಿನಲ್ಲಿ ಒಬ್ಬ ಪಿಂಚಣಿದಾರನ ಹಿಂದೆ ದುಡಿದು ಕಟ್ಟುವವರು ಸುಮಾರು 6 ಜನ ಇದ್ದರು. ಈಗ ಹೆಚ್ಚುಕಡಿಮೆ 2. ಕಡಿತದ ದುಡ್ಡು ಸಾಲದೆ ಕೇಂದ್ರ ಸರ್ಕಾರ ತೆರಿಗೆಯಿಂದ ವರ್ಷಕ್ಕೆ 10,000 ಕೋಟಿ ಯೂರೋಗೂ ಜಾಸ್ತಿ ಸುರಿಯುತ್ತಿದೆ.

1964ನೇ ಇಸವಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಆ ವರ್ಷ ಎರಡು ಜರ್ಮನಿಗಳಲ್ಲೂ ಸೇರಿ 13.5 ಲಕ್ಷಕ್ಕೂ ಜಾಸ್ತಿ ಮಕ್ಕಳು ಹುಟ್ಟಿದವು. ಯುದ್ಧದ ನಂತರದ ದಾಖಲೆ ಅದು, ಇವತ್ತಿಗೂ ಮುರಿದಿಲ್ಲ. ಅದೇ ವರ್ಷ ಸೆಪ್ಟೆಂಬರ್ 10ರಂದು ಕೊಲೋನ್ ಡಾಯ್ಟ್ಸ್ ಸ್ಟೇಷನ್ನಿಗೆ ಒಂದು ರೈಲು ಬಂತು. ಅದರಿಂದ ಇಳಿದ ಪೋರ್ಚುಗಲ್ಲಿನ ಬಡಗಿ ಅರ್ಮಾಂಡೊ ರೊಡ್ರಿಗೆಸ್ ಡಿ ಸಾ ಅವರನ್ನು ಧ್ವನಿವರ್ಧಕದಲ್ಲಿ ಹೆಸರು ಹಿಡಿದು ಕರೆದರು. ಆತನಿಗೆ ಗಾಬರಿ, ವಾಪಸ್ ಕಳಿಸುತ್ತಾರೇನೋ ಅಂತ. ನೋಡಿದರೆ ಬ್ಯಾಂಡ್ ಬಾಜಾ, ಹೂವು, ಒಂದು ಹೊಸ ಮೊಪೆಡ್. ಅವರು ಜರ್ಮನಿಗೆ ಬಂದ ಹತ್ತು ಲಕ್ಷನೇ ಅತಿಥಿ ಕಾರ್ಮಿಕ, ಅಂದರೆ ಒಪ್ಪಂದದ ಮೇಲೆ ಹೊರದೇಶದಿಂದ ಕರೆಸಿಕೊಂಡ ಕೆಲಸಗಾರ.

ಆ ವರ್ಷ ಹುಟ್ಟಿದ ಮಕ್ಕಳಿಗೆ 2031ರಲ್ಲಿ 67 ತುಂಬುತ್ತದೆ. 1964ರಲ್ಲಿ ಮತ್ತು ಆಮೇಲೆ ಹುಟ್ಟಿದವರಿಗೆ ಪಿಂಚಣಿ ವಯಸ್ಸೇ 67. ಅಂದರೆ ಇಷ್ಟು ದಿನ ಕಟ್ಟುತ್ತಿದ್ದ ಅತಿ ದೊಡ್ಡ ಗುಂಪು ಇನ್ನು ಕೆಲವೇ ವರ್ಷದಲ್ಲಿ ಈ ಕಡೆಯಿಂದ ಎದ್ದು ಆ ಕಡೆ ಕೂರುತ್ತದೆ. ಖಾಲಿಯಾಗುವ ಕುರ್ಚಿಗಳಲ್ಲಿ ಕೂರಲು ಜನ ಬೇಕು. 2024ರ ಅಕ್ಟೋಬರಿನಲ್ಲಿ ಆಗಿನ ಚಾನ್ಸಲರ್ ಶೋಲ್ಟ್ಸ್ ದೆಹಲಿಗೆ ಬಂದಿದ್ದರಲ್ಲ, ಆಗ ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ 20,000 ಇದ್ದ ವೀಸಾ ಸಂಖ್ಯೆಯನ್ನು 90,000ಕ್ಕೆ ಏರಿಸುವ ಸುದ್ದಿ ಬಂತು. ಅದರ ಹಿಂದೆ ಇರುವುದು ಪ್ರೀತಿಗಿಂತ ಜಾಸ್ತಿ ಈ ಲೆಕ್ಕ.

ಹಾಗಾದರೆ ಹೊರಗಿನಿಂದ ಬಂದವರಿಂದ ಪಿಂಚಣಿಗೆ ನಿಜವಾಗಲೂ ಉಪಯೋಗ ಆಗಿದೆಯೇ? ಆಗಿದೆ. 1997ರಲ್ಲಿ ಕಡಿತದ ದರ 20.3 ಶೇಕಡಾ ಇತ್ತು. ಮುದುಕರು ಜಾಸ್ತಿಯಾಗುತ್ತಾ ಹೋದರೂ ದರ ಏರುವ ಬದಲು ಇಳಿದು 2018ರಿಂದ 18.6ರಲ್ಲೇ ನಿಂತಿದೆ. ಕೆಲಸಕ್ಕೆ ಹೋಗುವ ಹೆಂಗಸರು ಹೆಚ್ಚಿದ್ದು ಒಂದು ಕಾರಣ. ಪೋಲೆಂಡ್, ರೊಮೇನಿಯಾದಂಥ ದೇಶಗಳಿಂದ ದುಡಿಯುವ ವಯಸ್ಸಿನವರು ಬಂದದ್ದು ಇನ್ನೊಂದು. ಈಗ ಸಾಮಾಜಿಕ ವಿಮೆ ಕಟ್ಟುವ ನೌಕರರಲ್ಲಿ ಸುಮಾರು ಆರರಲ್ಲಿ ಒಬ್ಬರು ವಿದೇಶಿ ಪಾಸ್‌ಪೋರ್ಟಿನವರು. ಈಚಿನ ವರ್ಷಗಳಲ್ಲಿ ನೌಕರರ ಸಂಖ್ಯೆ ಏರಿದ್ದರೆ ಅದು ಅವರಿಂದಲೇ.

ಟಿವಿ ಚರ್ಚೆಗಳಲ್ಲಿ ಎರಡು ಬಗೆಯ ಮಾತು ಕೇಳಿಸುತ್ತದೆ. ವಿದೇಶಿಯರು ಬಂದು ನಮ್ಮ ಪಿಂಚಣಿ ತಿನ್ನುತ್ತಾರೆ ಅನ್ನುವುದು ಒಂದು. ವಿದೇಶಿಯರೇ ಬಂದು ನಮ್ಮ ಪಿಂಚಣಿ ಉಳಿಸುತ್ತಾರೆ ಅನ್ನುವುದು ಇನ್ನೊಂದು. ನನಗೆ ಎರಡೂ ಅರ್ಧಂಬರ್ಧ ಅನ್ನಿಸುತ್ತದೆ.

ಮೊದಲನೆಯದನ್ನು ತೆಗೆದುಕೊಳ್ಳಿ. ಕಟ್ಟದೆ ಪಾಯಿಂಟ್ ಇಲ್ಲ, ಪಾಯಿಂಟ್ ಇಲ್ಲದೆ ಪಿಂಚಣಿ ಇಲ್ಲ. ಕನಿಷ್ಠ 60 ತಿಂಗಳಾದರೂ ಲೆಕ್ಕಕ್ಕೆ ಬಂದಿರಬೇಕು. ವಯಸ್ಸಾದ ಬಡವರಿಗೆ ಸರ್ಕಾರ ಕೊಡುವ ಗ್ರುಂಡ್‌ಜಿಶರುಂಗ್ ಅನ್ನುವ ನೆರವು ಬೇರೆಯೇ ಬಾಬ್ತು. ಅದು ತೆರಿಗೆಯಿಂದ ಬರುತ್ತದೆ, ಕಡಿತದ ದುಡ್ಡು ಬೀಳುವ ಈ ಪಿಂಚಣಿ ಡಬ್ಬಿಗೂ ಅದಕ್ಕೂ ಸಂಬಂಧ ಇಲ್ಲ. ಚರ್ಚೆ ಮಾಡುವವರು ಎರಡನ್ನೂ ಸುಮ್ನೆ ಕಲಸಿ ಹಾಕುತ್ತಾರೆ.

ಎರಡನೆಯದಕ್ಕೆ ಉತ್ತರ ಸ್ವಲ್ಪ ಉದ್ದ. ಬಂದವರಿಗೂ ವಯಸ್ಸಾಗುತ್ತದೆ, ಅಲ್ವಾ? ಇವತ್ತು 30ರಲ್ಲಿ ಬಂದವನು ಮೂವತ್ತೇಳು ವರ್ಷ ಕಟ್ಟಿ 67ಕ್ಕೆ ಕೈಚಾಚುತ್ತಾನೆ. ಜಾಸ್ತಿ ಸಂಬಳದವನು ಜಾಸ್ತಿ ಕಟ್ಟುತ್ತಾನೆ ನಿಜ, ಆದರೆ ಅವನಿಗೆ ಪಾಯಿಂಟೂ ಜಾಸ್ತಿ. ಅವನಿಂದ ಸಿಗುವ ಲಾಭ ಮುಖ್ಯವಾಗಿ ಸಮಯದ್ದು. ಈ ದೊಡ್ಡ ಮುದುಕರ ಅಲೆ ದಾಟುವ ತನಕ ಅವನು ಕಟ್ಟುತ್ತಾ ಇರುತ್ತಾನೆ, ಕೇಳುವುದು ಅಲೆ ಇಳಿದ ಮೇಲೆ. ಬರೀ ವಲಸೆಯಿಂದಲೇ ದುಡಿಯುವವರ ಮತ್ತು ಮುದುಕರ ಅನುಪಾತವನ್ನು ಹಾಗೇ ಉಳಿಸುತ್ತೇವೆ ಅಂದರೆ ಎಷ್ಟು ಜನ ಬೇಕು ಅಂತ ವಿಶ್ವಸಂಸ್ಥೆ 2000ದಲ್ಲಿ ಒಂದು ಲೆಕ್ಕ ಹಾಕಿತ್ತು. ಜರ್ಮನಿಗೆ ವರ್ಷಕ್ಕೆ 30 ಲಕ್ಷಕ್ಕೂ ಜಾಸ್ತಿ! ಬರ್ಲಿನ್ನಿನ ಇಡೀ ಜನಸಂಖ್ಯೆಗೆ ಹತ್ತಿರ ಹತ್ತಿರ ಬರುವಷ್ಟು ಜನ ಪ್ರತಿವರ್ಷ. ಮನೆ ಬಾಡಿಗೆಗೆ ಹುಡುಕಿದವರಿಗೆ ಇದು ಆಗದ ಮಾತು ಅಂತ ವಿವರಿಸಬೇಕಾಗಿಲ್ಲ. ವಲಸೆ ಇಳಿಜಾರನ್ನು ನಿಧಾನ ಮಾಡುತ್ತದೆ. ಸಮತಟ್ಟು ಮಾಡುವ ಶಕ್ತಿ ಅದಕ್ಕಿಲ್ಲ.

ಈ ಚರ್ಚೆಯಲ್ಲಿ ಯಾರೂ ಗಟ್ಟಿಯಾಗಿ ಹೇಳದ ಒಂದು ವಿಷಯ ಇದೆ. ಪಿಂಚಣಿ ಡಬ್ಬಿಗೆ ಅತಿ ಹೆಚ್ಚು ಲಾಭ ತರುವ ವಲಸಿಗ ಯಾರು ಗೊತ್ತಾ? ಉಳಿದು ಹೋದವನಲ್ಲ. ಕೆಲವು ವರ್ಷ ಕಟ್ಟಿ ಹೊರಟು ಹೋದವನು.

ಅತಿಥಿ ಕಾರ್ಮಿಕರ ಕಾಲದಲ್ಲೇ ಇದು ಕಾಣುತ್ತದೆ. 1955ರಲ್ಲಿ ಇಟಲಿಯಿಂದ ಶುರುವಾಗಿ ಗ್ರೀಸ್, ಸ್ಪೇನ್, 1961ರಲ್ಲಿ ಟರ್ಕಿ, ಹೀಗೆ ಒಪ್ಪಂದದ ಮೇಲೆ ಒಪ್ಪಂದ ಮಾಡಿಕೊಂಡು ಜನರನ್ನು ಕರೆಸಿದರು. 1973ರಲ್ಲಿ ಬಾಗಿಲು ಹಾಕಿದರು. 1983ರಲ್ಲಿ ನಿರುದ್ಯೋಗ ಏರಿದಾಗ ವಾಪಸ್ ಹೋಗಿ ಅಂತ ಒಂದು ಕಾನೂನೇ ಬಂತು. ಹೊರಡುವವನಿಗೆ 10,500 ಮಾರ್ಕ್, ಮಗುವಿಗೆ 1,500 ಮಾರ್ಕ್. ಜೊತೆಗೆ ಪಿಂಚಣಿಗೆ ಕಟ್ಟಿದ ದುಡ್ಡನ್ನು ಕಾಯದೆ ವಾಪಸ್ ತೆಗೆದುಕೊಳ್ಳುವ ಅವಕಾಶ. ಬಹಳ ಟರ್ಕಿ ಕುಟುಂಬಗಳು ತೆಗೆದುಕೊಂಡವು. ಆದರೆ ವಾಪಸ್ ಬಂದದ್ದು ನೌಕರನ ಅರ್ಧ ಮಾತ್ರ. ಕಂಪನಿ ಕಟ್ಟಿದ ಅರ್ಧ ಡಬ್ಬಿಯಲ್ಲೇ ಉಳಿಯಿತು. ಆ ಜನರ ಮುಂದಿನ ಪಿಂಚಣಿಯ ಹಕ್ಕೂ ಅಲ್ಲಿಗೇ ಮುಗಿಯಿತು. ಯಾರದ್ದೋ ದುಡ್ಡು ಯಲ್ಲಮ್ಮನ ಜಾತ್ರೆ ಅನ್ನುತ್ತೇವಲ್ಲ, ಹಾಗಾಯಿತು.

ಮೊಪೆಡ್ ಸಿಕ್ಕಿದ ಅರ್ಮಾಂಡೊ ಕಥೆಯೂ ಸುಖದ್ದಲ್ಲ. ಅನಾರೋಗ್ಯದಿಂದ ಊರಿಗೆ ಮರಳಿದ ಅವರು 1979ರಲ್ಲಿ ತೀರಿಕೊಂಡರು. ಜರ್ಮನಿಯಲ್ಲಿ ದುಡಿದು ಉಳಿಸಿದ್ದು ಚಿಕಿತ್ಸೆಗೇ ಖರ್ಚಾಯಿತು. ವಿಮೆ ಕಟ್ಟಿದವರಾಗಿ ಇಲ್ಲಿಯ ಆರೋಗ್ಯ ವಿಮೆಯಿಂದ ತಮಗೆ ದುಡ್ಡು ಬರಬೇಕಿತ್ತು ಅನ್ನುವುದು ಅವರಿಗೆ ಗೊತ್ತೇ ಇರಲಿಲ್ಲ. ಆ ಮೊಪೆಡ್ ಈಗ ಬಾನ್ ನಗರದ ಇತಿಹಾಸ ಮ್ಯೂಸಿಯಂನಲ್ಲಿದೆ. ಹೋದರೆ ನೋಡಿ ಬನ್ನಿ.

ಈಗ ನಮ್ಮ ಲೆಕ್ಕಕ್ಕೆ ಬರೋಣ. ತಿಂಗಳಿಗೆ 5,000 ಯೂರೋ ಸಂಬಳ ಅಂತ ಇಟ್ಟುಕೊಳ್ಳಿ. ನಿಮ್ಮ ಕಡಿತ 465 ಯೂರೋ, ಕಂಪನಿಯದ್ದೂ 465. 2025ಕ್ಕೆ ಲೆಕ್ಕಕ್ಕೆ ಹಿಡಿದ ಸರಾಸರಿ ಸಂಬಳ ವರ್ಷಕ್ಕೆ 50,493 ಯೂರೋ. ನಿಮ್ಮದು 60,000. ಹಾಗಾಗಿ ವರ್ಷಕ್ಕೆ 1.19 ಪಾಯಿಂಟ್ ಹತ್ತಿರ. ನಾಲ್ಕು ವರ್ಷ ದುಡಿದು ಊರಿಗೆ ಹೊರಟಿರಿ. 2025ರ ಜುಲೈಯ ದರದಲ್ಲಿ ನಿಮ್ಮ ಪಾಯಿಂಟುಗಳ ಬೆಲೆ ತಿಂಗಳಿಗೆ ಸುಮಾರು 194 ಯೂರೋ, 67ರಿಂದ ಬದುಕಿರುವ ತನಕ. ಪಿಂಚಣಿ ಬೇಡ, ದುಡ್ಡು ವಾಪಸ್ ಕೊಡಿ ಅಂದರೆ ಸಿಗುವುದು 22,320 ಯೂರೋ. ಬಡ್ಡಿ ಇಲ್ಲ. ಕಂಪನಿ ಕಟ್ಟಿದ ಇನ್ನೊಂದು 22,320 ಇಲ್ಲಿಯ ಅಜ್ಜ ಅಜ್ಜಿಯರಿಗೆ ನಿಮ್ಮ ಕಾಣಿಕೆ.

ಬಹಳ ಜನ ತಪ್ಪು ಮಾಡುವುದು ಇಲ್ಲಿ. "ನಾಲ್ಕೇ ವರ್ಷ ಆಗಿದ್ದು, ಐದು ತುಂಬಿಲ್ಲ, ಹೇಗೂ ಪಿಂಚಣಿ ಬರಲ್ಲ, ವಾಪಸ್ ತಗೊಳ್ಳೋಣ" ಅಂತ. ನನಗೆ ತುಂಬಾ ಹತ್ತಿರದ ಒಬ್ಬ ಗೆಳೆಯ ಹೀಗೇ ಮಾಡಿದ. ಅರ್ಜಿ ತುಂಬಿಕೊಡುತ್ತೇನೆ ಅಂತ ಕಮಿಷನ್ ತೆಗೆದುಕೊಂಡ ಏಜೆಂಟ್ ಅವನಿಗೆ ಭಾರತ–ಜರ್ಮನಿ ಒಪ್ಪಂದದ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಎರಡು ದೇಶಗಳ ಸಾಮಾಜಿಕ ಭದ್ರತೆ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಭಾರತದಲ್ಲಿ ಇಪಿಎಫ್‌ಒ ಪಿಂಚಣಿ ಯೋಜನೆಯಲ್ಲಿ ಕಳೆದ ಅವಧಿಯನ್ನೂ ಇಲ್ಲಿಯ 60 ತಿಂಗಳ ಲೆಕ್ಕಕ್ಕೆ ಸೇರಿಸಬಹುದು. ದುಡ್ಡು ಈ ದೇಶದಿಂದ ಆ ದೇಶಕ್ಕೆ ಹೋಗುವುದಿಲ್ಲ, ತಿಂಗಳುಗಳ ಎಣಿಕೆ ಮಾತ್ರ ಕೂಡುತ್ತದೆ. ಇಲ್ಲಿ ನಾಲ್ಕು ವರ್ಷ, ಅಲ್ಲಿ ಒಂದು ವರ್ಷ ಇದ್ದರೂ ಬಾಗಿಲು ತೆರೆಯುತ್ತದೆ. ಆಮೇಲೆ ಜರ್ಮನಿ ತನ್ನ ನಾಲ್ಕು ವರ್ಷದ ಪಿಂಚಣಿ ಕೊಡುತ್ತದೆ. ಅದೇ ರೀತಿ ಭಾರತದಲ್ಲಿ ಇಪಿಎಫ್‌ಒ ಪಿಂಚಣಿ ಸಿಗಲು ಬೇಕಾದ 10 ವರ್ಷದ ನಿಯಮಕ್ಕೂ ಇಲ್ಲಿಯ ತಿಂಗಳುಗಳು ಕೂಡುತ್ತವೆ.

ಹಾಗಂತ ವಾಪಸ್ ತೆಗೆದುಕೊಳ್ಳುವವರೆಲ್ಲ ದಡ್ಡರು ಅಂತ ನಾನು ಹೇಳಲ್ಲ. 194 ಯೂರೋ ಲೆಕ್ಕದಲ್ಲಿ 22,320 ವಸೂಲಾಗಲು ಪಿಂಚಣಿ ಶುರುವಾದ ಮೇಲೆ ಒಂಬತ್ತೂವರೆ ವರ್ಷ ಬೇಕು. 32ರ ವಯಸ್ಸಿನಲ್ಲಿ ಕೈಗೆ ಬಂದ ದುಡ್ಡು ಸಾಲ ತೀರಿಸಬಹುದು, ಬೆಳೆಯಲೂಬಹುದು. ಇನ್ನೊಂದು ಕಡೆ, ಪಾಯಿಂಟಿನ ಬೆಲೆ ಜರ್ಮನಿಯ ಸಂಬಳದ ಜೊತೆ ಏರುತ್ತದೆ, ಯೂರೋದಲ್ಲಿ ಬರುತ್ತದೆ, ನೀವು 95 ವರ್ಷ ಬದುಕಿದರೂ ನಿಲ್ಲುವುದಿಲ್ಲ. ನನ್ನ ಆಯ್ಕೆ ಪಾಯಿಂಟ್ ಉಳಿಸುವುದು. ಗೆಳೆಯನದ್ದು ಬೇರೆ ಇರಬಹುದಿತ್ತು, ಆದರೆ ಆಯ್ಕೆ ಇದೆ ಅಂತ ಅವನಿಗೆ ಮೊದಲೇ ಗೊತ್ತಿರಬೇಕಿತ್ತು.

ವಾಪಸ್ ಕೇಳುವ ನಿಯಮಗಳು ಚಿಕ್ಕದಾಗಿ: ಇಲ್ಲಿಯ ಕಡ್ಡಾಯ ವಿಮೆ ಮುಗಿದು 24 ತಿಂಗಳು ಕಳೆದಿರಬೇಕು. ಯುರೋಪಿಯನ್ ಒಕ್ಕೂಟದ ಇನ್ನೊಂದು ದೇಶಕ್ಕೆ ಹೋಗಿ ಕೂತರೆ ಆಗುವುದಿಲ್ಲ. ಜರ್ಮನ್ ಪಾಸ್‌ಪೋರ್ಟ್ ತೆಗೆದುಕೊಂಡವರಿಗೆ ಈ ದಾರಿ ಬಹುಮಟ್ಟಿಗೆ ಮುಚ್ಚುತ್ತದೆ. 60 ತಿಂಗಳು ದಾಟಿದವರು ಏನೂ ಸಹಿ ಮಾಡುವ ಮೊದಲು ಡಾಯ್ಚೆ ರೆಂಟೆನ್‌ಫರ್ಜಿಶರುಂಗ್‌ಗೆ, ಅಂದರೆ ಇಲ್ಲಿಯ ಪಿಂಚಣಿ ಇಲಾಖೆಗೆ ಬರೆದು ತಮ್ಮ ವಿಷಯದಲ್ಲಿ ಲಿಖಿತ ಉತ್ತರ ಪಡೆಯಿರಿ. ಒಮ್ಮೆ ದುಡ್ಡು ವಾಪಸ್ ಬಂತು ಅಂದರೆ ಹಳೆಯ ತಿಂಗಳುಗಳೆಲ್ಲ ಅಳಿಸಿ ಹೋದ ಹಾಗೆ. ಮುಂದೆ ಮತ್ತೆ ಜರ್ಮನಿಗೆ ಬಂದರೆ ಎಣಿಕೆ ಸೊನ್ನೆಯಿಂದ.

ಭಾರತದ ಕಂಪನಿಯೇ ಕೆಲವು ವರ್ಷಕ್ಕೆ ಕಳಿಸಿದವರ ಕಥೆ ಬೇರೆ. ಅವರ ಬಳಿ ಇಪಿಎಫ್‌ಒ ಕೊಟ್ಟ ಸಿಒಸಿ (ಭಾರತದಲ್ಲೇ ಕಟ್ಟುತ್ತಿದ್ದಾರೆ ಅನ್ನುವ ಪ್ರಮಾಣಪತ್ರ) ಇದ್ದರೆ 48 ತಿಂಗಳವರೆಗೆ ಇಲ್ಲಿಯ ಪಿಂಚಣಿಗೆ ಕಟ್ಟಬೇಕಾಗಿಲ್ಲ. ಕೈಗೆ ಬರುವ ಸಂಬಳ ಜಾಸ್ತಿ ಅಂತ ಖುಷಿ ಪಡುತ್ತಾರೆ. ಆದರೆ ಇಲ್ಲಿ ನೆಲೆಸುವ ಆಸೆ ಇದ್ದರೆ ಸ್ವಲ್ಪ ನಿಂತು ಯೋಚಿಸಿ. ಕಾಯಂ ವಾಸದ ಪರವಾನಗಿಗೆ ಪಿಂಚಣಿ ಕಟ್ಟಿದ ತಿಂಗಳುಗಳನ್ನೇ ಎಣಿಸುತ್ತಾರೆ. ಬ್ಲೂ ಕಾರ್ಡ್ (ಹೆಚ್ಚು ಓದಿದ, ಒಳ್ಳೆಯ ಸಂಬಳದ ವಿದೇಶಿಯರಿಗೆ ಕೊಡುವ ಪರವಾನಗಿ) ಇದ್ದವರಿಗೆ 27 ತಿಂಗಳು, ಬಿ1 ಅಂದರೆ ನಡುಮಟ್ಟದ ಜರ್ಮನ್ ಬಂದರೆ 21. ಇತರ ಕುಶಲ ಕೆಲಸಗಾರರಿಗೆ 36. ಆರ್‌ವಿ ಸಾಲು ಖಾಲಿ ಇರುವ ಪೇಸ್ಲಿಪ್ ಹಿಡಿದು ವಿದೇಶಿಯರ ಕಚೇರಿಗೆ ಹೋದರೆ ಅಲ್ಲಿ ಮುಖ ಸಣ್ಣದಾಗುತ್ತದೆ.

ಇನ್ನು ಒಂದು ವಿಷಯಕ್ಕೆ ಜಾಸ್ತಿ ಜಾಗ ಕೊಡುತ್ತೇನೆ, ಯಾಕೆಂದರೆ ನಮ್ಮವರಲ್ಲಿ ಹೆಚ್ಚಿನವರಿಗೆ ಇದು ಗೊತ್ತೇ ಇಲ್ಲ. ಮಕ್ಕಳನ್ನು ಜರ್ಮನಿಯಲ್ಲಿ ಬೆಳೆಸಿದರೆ ಪಾಯಿಂಟ್ ಸಿಗುತ್ತದೆ. 1992ರಿಂದ ಈಚೆಗೆ ಹುಟ್ಟಿದ ಪ್ರತಿ ಮಗುವಿಗೆ ಮೂರು ವರ್ಷ, ವರ್ಷಕ್ಕೆ ಹತ್ತಿರ ಹತ್ತಿರ ಒಂದು ಪಾಯಿಂಟ್. ಕಟ್ಟುವುದು ಸರ್ಕಾರ. ಕೆಲಸಕ್ಕೇ ಹೋಗದೆ ಮನೆಯಲ್ಲಿದ್ದ ತಾಯಿಗೂ ಸಿಗುತ್ತದೆ. ಎರಡು ಮಕ್ಕಳಾದರೆ 72 ತಿಂಗಳು. 60 ದಾಟಿತಲ್ಲ! ಒಂದು ದಿನವೂ ಸಂಬಳಕ್ಕೆ ದುಡಿಯದೆ ಆಕೆಗೆ ಸ್ವಂತ ಹೆಸರಲ್ಲಿ ಪಿಂಚಣಿಯ ಹಕ್ಕು ಬಂತು. 2025ರ ಜುಲೈಯ ದರದಲ್ಲಿ ಆರು ಪಾಯಿಂಟ್ ಅಂದರೆ ತಿಂಗಳಿಗೆ ಸುಮಾರು 245 ಯೂರೋ. ಮೇಲಿನ ಲೆಕ್ಕದ ನಾಲ್ಕು ವರ್ಷದ ಇಂಜಿನಿಯರನ 194ಕ್ಕಿಂತ ಜಾಸ್ತಿ.

ಲೆಕ್ಕ ನೋಡಿದರೆ ಇದರಲ್ಲಿ ಧಾರಾಳತನ ಏನಿಲ್ಲ. ಆ ಎರಡು ಮಕ್ಕಳು ಮುಂದೆ ನಲವತ್ತು ವರ್ಷ ಕಟ್ಟುವವರು. ವಲಸೆಯಿಂದ ಪಿಂಚಣಿಗೆ ದೀರ್ಘಕಾಲದ ಉಪಯೋಗ ಏನಾದರೂ ಇದ್ದರೆ ಅದು ಬರುವುದು ಈ ಎರಡನೇ ತಲೆಮಾರಿನಿಂದ.

ಆದರೆ ಇದು ತಾನಾಗಿ ಲೆಕ್ಕಕ್ಕೆ ಸೇರುವುದಿಲ್ಲ, ವಿ 0800 ಅನ್ನುವ ಫಾರ್ಮ್ ತುಂಬಿ ಕಳಿಸಬೇಕು. ಯಾರಿಗೆ ಅಂತ ಹೇಳದಿದ್ದರೆ ಪಾಯಿಂಟ್ ತಾಯಿಗೆ. ತಂದೆಗೆ ಬೇಕಾದರೆ ಇಬ್ಬರೂ ಸೇರಿ ಬರೆದುಕೊಡಬೇಕು, ಅದೂ ಎರಡು ತಿಂಗಳಿಗಿಂತ ಹಿಂದಕ್ಕೆ ಹೋಗುವುದಿಲ್ಲ. ಸಿಒಸಿ ಮೇಲೆ ಬಂದ ಕುಟುಂಬಗಳಿಗೆ ನಿಯಮ ಬೇರೆಯಾಗಬಹುದು, ಕೇಳಿ ನೋಡಿ. ನಮ್ಮ ಮನೆಯಲ್ಲಿ ಆ ಫಾರ್ಮ್ ಎಂಟು ತಿಂಗಳು ಫ್ರಿಡ್ಜ್ ಬಾಗಿಲಿನ ಮ್ಯಾಗ್ನೆಟ್ಟಿನ ಕೆಳಗೆ ನೇತಾಡುತ್ತಿತ್ತು. ಕೊನೆಗೆ ಹೆಂಡತಿಯೇ ತೆಗೆದುಕೊಂಡು ಹೋಗಿ ಸಲಹಾ ಕೇಂದ್ರದಲ್ಲಿ ಕೂತು ತುಂಬಿ ಬಂದಳು. ಪಿಂಚಣಿ ಇಲಾಖೆಯ ಸಲಹಾ ಕೇಂದ್ರಗಳು ಹೆಚ್ಚಿನ ಊರುಗಳಲ್ಲಿವೆ, ಪೂರ್ತಿ ಉಚಿತ. ಅಪಾಯಿಂಟ್‌ಮೆಂಟ್‌ಗೆ ಕಾಯಬೇಕು, ಅಷ್ಟೇ.

ಮುಂದೆ ಈ ಪಿಂಚಣಿ ಇರುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಇರುತ್ತದೆ. ಎಷ್ಟಿರುತ್ತದೆ ಅನ್ನುವುದು ಪ್ರಶ್ನೆ. ಪಿಂಚಣಿ ಮಟ್ಟವನ್ನು ಸರಾಸರಿ ಸಂಬಳದ 48 ಶೇಕಡಾಕ್ಕಿಂತ ಕೆಳಗೆ ಬಿಡುವುದಿಲ್ಲ ಅನ್ನುವ ಭರವಸೆಯನ್ನು 2031ರವರೆಗೆ ಮುಂದುವರಿಸಿದ್ದಾರೆ. ಅಂದರೆ 1964ರ ಮಕ್ಕಳು ಪಿಂಚಣಿಗೆ ಬರುವ ವರ್ಷದ ತನಕ. ಕಡಿತದ ದರ ಮುಂದಿನ ವರ್ಷಗಳಲ್ಲಿ ಏರುತ್ತದೆ ಅಂತ ಸರ್ಕಾರದ ವರದಿಗಳೇ ಹೇಳುತ್ತಿವೆ. ಹಾಗಾಗಿ ಇದೊಂದನ್ನೇ ನಂಬಿ ಕೂರಬೇಡಿ, ಬೇರೆ ಉಳಿತಾಯವೂ ಇರಲಿ.

ಊರಿಗೆ ಹೊರಡುವಾಗ ಏನನ್ನು ಬಿಟ್ಟರೂ ಪಿಂಚಣಿ ವಿಮೆ ಸಂಖ್ಯೆ ಇರುವ ಕಾಗದವನ್ನು ಬಿಡಬೇಡಿ. 12 ಅಂಕಿ–ಅಕ್ಷರಗಳ ಸಂಖ್ಯೆ ಅದು, ನಡುವೆ ನಿಮ್ಮ ಹುಟ್ಟಿದ ದಿನಾಂಕವೂ ಇರುತ್ತದೆ. ಐದು ವರ್ಷ ಕಟ್ಟಿ 27 ದಾಟಿದವರಿಗೆ ವರ್ಷ ವರ್ಷ ಬರುವ ಪಿಂಚಣಿ ಮಾಹಿತಿ ಪತ್ರಗಳನ್ನೂ ಒಂದು ಫೈಲಿನಲ್ಲಿ ಇಡಿ. ಹೊಸ ವಿಳಾಸವನ್ನು ಬರೆದು ತಿಳಿಸಿ. 67ಕ್ಕೆ ಅವರಾಗಿ ಹುಡುಕಿಕೊಂಡು ಬಂದು ದುಡ್ಡು ಕೊಡುವುದಿಲ್ಲ, ಅರ್ಜಿ ನೀವೇ ಹಾಕಬೇಕು. ಒಮ್ಮೆ ಶುರುವಾದರೆ ಭಾರತದಲ್ಲಿದ್ದರೂ ಬರುತ್ತದೆ. ವರ್ಷಕ್ಕೊಮ್ಮೆ ಮಾತ್ರ ಜರ್ಮನಿಯಿಂದ ಒಂದು ಲಕೋಟೆ ಬರುತ್ತದೆ, ನೀವು ಇನ್ನೂ ಬದುಕಿದ್ದೀರಾ ಅಂತ ಕೇಳಿಕೊಂಡು. ಸಹಿ ಹಾಕಿ, ದೃಢೀಕರಿಸಿ, ವಾಪಸ್ ಕಳಿಸಬೇಕು.